ಅಲೆಯ ಕೆಳತುದಿ

“ಅಯ್ಯೋ, ಎಷ್ಟು ಗಾಳಿ ತುಂಬ್ತೀರ ಮಿಸ್ ವರ್ನಾ? ಹುಟ್ಟುಹಬ್ಬದ ಬಲೂನಾ ಅದು?”

ವರ್ನಾ ಟ್ರೌಟ್ ಬೆಚ್ಚಿ ಕೈ ಹಿಂತೆಗೆದಳು. ಪುಣ್ಯಕ್ಕೆ ಆ ನಳಿಕೆ ಯಾರ ಎದೆಯಲ್ಲೂ ಇರಲಿಲ್ಲ. ಅವಧಿ ಮೀರಿದ ಒಂದನ್ನು ನರ್ಸ್ ಕೆಂಡ್ರಾ ಅಭ್ಯಾಸಕ್ಕೆಂದು ಮೇಜಿನ ಮೇಲೆ ಇಟ್ಟುಕೊಟ್ಟಿದ್ದಳು. ಕುತ್ತಿಗೆಯ ರಕ್ತನಾಳದಿಂದ ಹೃದಯದೊಳಗೆ ಹಾಯಿಸಿ, ಶ್ವಾಸಕೋಶದ ನಾಳದವರೆಗೆ ತೇಲಿಬಿಡುವ ನಳಿಕೆ. ತುದಿಯಲ್ಲಿ ಕಡಲೆಕಾಳಿನಷ್ಟು ಬಲೂನು. ಒಳಗಿನ ಒತ್ತಡ ಪರದೆಯ ಮೇಲೆ ಅಲೆಯಾಗಿ ಮೂಡುತ್ತದೆ.

ವರ್ನಾಗೆ ಐವತ್ತನಾಲ್ಕು. ಇಪ್ಪತ್ತು ವರ್ಷದಿಂದ ಕಣ್ಣಾಸ್ಪತ್ರೆಯಲ್ಲಿ ಕೆಲಸ. ಅಲ್ಲಿ ಇಂಥ ನಳಿಕೆಯ ನೆರಳೂ ಬಿದ್ದಿರಲಿಲ್ಲ. ಈ ಹೃದಯ ವಿಭಾಗದಲ್ಲಿ ಒಂದು ದಿನ ಜೊತೆಗಿದ್ದು ನೋಡಲು ಅನುಮತಿ ಬೇಡಿ, ಬೆಳಿಗ್ಗೆ ಮಾಂಸದ ಚೂರು ತುಂಬಿದ ಬನ್ನು, ಪೆಪರೋನಿ ರೋಲ್‌ಗಳ ಪೊಟ್ಟಣ ಹಿಡಿದು ಬಂದಿದ್ದಳು, ಹೊಸದಾಗಿ ಶಾಲೆಗೆ ಸೇರಿದವಳ ಹಾಗೆ.

“ಸಂದರ್ಶನ ಯಾವಾಗ?” ಕೆಂಡ್ರಾ ಕೇಳಿದಳು.

“ಶುಕ್ರವಾರ. ಇದು ಏಳನೇ ಸಲ.”

ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವುದನ್ನು ನರ್ಸ್‌ಗಳಿಗೆ ಕಲಿಸುವ ಶಾಲೆಯ ಸಂದರ್ಶನ. ವರ್ಷಕ್ಕೊಮ್ಮೆ. ನೂರಾರು ನರ್ಸ್‌ಗಳು, ಹದಿನಾರು ಸೀಟು. ಆ ಕೋಣೆಗೆ ವರ್ನಾ ಹೋಗುತ್ತಿರುವುದು ಇದು ಏಳನೆಯ ಸಲ. ಪ್ರತಿ ಸಲವೂ ಈ ನಳಿಕೆಯ ಪ್ರಶ್ನೆ ಬಂದೇ ಬರುತ್ತಿತ್ತು. ಪ್ರತಿ ಸಲವೂ ಅವಳ ಬಾಯಿ ಒಣಗುತ್ತಿತ್ತು.

“ಆರು ಸಲ ಹೋಗಿ ಬಂದಿದೀರಾ? ನಿಮ್ಮ ಛಲಕ್ಕೆ ಶರಣು. ನಾನಾಗಿದ್ರೆ ಎರಡನೇ ಸಲಕ್ಕೇ ಮನೇಲಿ ಮುಸುಕು ಹೊದ್ದು ಮಲಗ್ತಿದ್ದೆ.”

ವರ್ನಾ ಬಲೂನಿನ ಗಾಳಿ ಇಳಿಸಿದಳು.

“ಸರಿ, ಹೇಳಿ. ಒತ್ತಡ ಎಲ್ಲಿ ಓದ್ತೀರಿ?”

ಇದು ಅವಳಿಗೆ ಬಾಯಿಪಾಠ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಹೇಳಿಕೊಂಡದ್ದೇ. “ಉಸಿರು ಬಿಟ್ಟು ಮುಗಿದಾಗ. ಅಲೆಯ ಕೆಳತುದಿಯಲ್ಲಿ.”

“ಯಾವಾಗ್ಲೂ?”

“ಯಾವಾಗ್ಲೂ.”

ಕೆಂಡ್ರಾ ಅವಳ ತೋಳು ಹಿಡಿದು ನಾಲ್ಕನೆಯ ಹಾಸಿಗೆಯ ಬಳಿಗೆ ಕರೆದೊಯ್ದಳು. ಗಣಿಯಲ್ಲಿ ದುಡಿದ ಮುದುಕ. ಉಸಿರಾಟದ ಯಂತ್ರವನ್ನು ಹಿಂದಿನ ದಿನವಷ್ಟೇ ತೆಗೆದಿದ್ದರು. ಕುತ್ತಿಗೆಯಲ್ಲಿ ಅದೇ ನಳಿಕೆ ಇತ್ತು; ಪರದೆಯ ಮೇಲೆ ಅಲೆ ಏಳುತ್ತಿತ್ತು, ಬೀಳುತ್ತಿತ್ತು.

“ಯಂತ್ರ ಗಾಳೀನ ಒಳಕ್ಕೆ ನೂಕತ್ತೆ, ಆಗ ಅಲೆ ಮೇಲೇಳತ್ತೆ. ಇವ್ರು ತಾವೇ ಎಳ್ಕೊತಾರೆ, ಅಲೆ ಕೆಳಗಿಳಿಯತ್ತೆ. ಈಗ ಹೇಳಿ, ಇವ್ರ ಉಸಿರು ಮುಗಿಯೋದು ಎಲ್ಲಿ?”

“ನನ್ನ ಉಸಿರು ಮುಗಿಯೋ ಮಾತು ಸ್ವಲ್ಪ ಮೆಲ್ಲಗೆ ಆಡ್ರಮ್ಮ,” ಎಂದ ಮುದುಕ, ಕಣ್ಣು ಮುಚ್ಚಿಕೊಂಡೇ.

ವರ್ನಾ ನಗಲಿಲ್ಲ. ಅವನ ಎದೆ ನೋಡಿದಳು, ಪರದೆ ನೋಡಿದಳು, ಮತ್ತೆ ಎದೆ ನೋಡಿದಳು.

“ಮೇಲೆ,” ಎಂದಳು. “ಮೇಲ್ತುದಿಯಲ್ಲಿ.”

“ಅಷ್ಟೇ! ಯಂತ್ರ ಉಸಿರಾಡಿಸಿದ್ರೆ ಕೆಳಗೆ, ರೋಗಿ ತಾನೇ ಉಸಿರಾಡಿದ್ರೆ ಮೇಲೆ. ಒಂದು ತಿಂಗಳು ಇಲ್ಲಿ ದುಡಿದವರು ನಿದ್ದೆಗಣ್ಣಲ್ಲೂ ಹೇಳ್ತಾರೆ. ಯಾಕೆ ಮಿಸ್ ವರ್ನಾ, ಮುಖ ಬಿಳಿಚಿಕೊಂಡಿದೆ?”

“ಹೋದ ವರ್ಷ ಒಬ್ಬ ಹುಡುಗಿ ಹೀಗೇ ಹೇಳಿದ್ಲು. ಪದ ಪದವೂ ಹೀಗೇ.”

“ಜಾಣೆ. ಸೀಟು ಸಿಕ್ತಾ?”

“ಇಲ್ಲ. ಕೆಳಗೆ ಅಂದವರಿಗೆ ಸಿಕ್ತು.”

“ಆ ಕೋಣೇಲಿ ಕೂತಿರೋರಿಗೆ ಕಣ್ಣಿಲ್ವಾ?” ಕೆಂಡ್ರಾ ಸಿಡಿದಳು. “ನೀವೂ ಅಲ್ಲೇ ಇದ್ರಿ ತಾನೆ? ಒಂದು ಮಾತು ಹೇಳಬಾರದಿತ್ತಾ?”

“ಹೇಳೋಕೆ ನನಗೆ ಗೊತ್ತಿರಬೇಕಲ್ಲ.”

ವರ್ನಾಳ ಕಿವಿ ಬಿಸಿಯಾಯಿತು. ಆ ಹುಡುಗಿಯ ಮುಖ ವರ್ಷವಿಡೀ ಅವಳನ್ನು ಬಿಟ್ಟಿರಲಿಲ್ಲ. ಹೊರಡುವಾಗ ಕೆಂಡ್ರಾ ಅಪ್ಪಿಕೊಂಡು, “ಈ ಸಲ ಗೆದ್ದೇ ಗೆಲ್ತೀರಿ ನೋಡ್ತಿರಿ,” ಎಂದಾಗ ನೆಲ ನೋಡುತ್ತಾ ನಿಂತಳು.

ಶುಕ್ರವಾರ ಬೆಳಿಗ್ಗೆ ಶಾಲೆಯ ಮೊಗಸಾಲೆಯಲ್ಲಿ ಇಸ್ತ್ರಿ ಮಾಡಿದ ಬಟ್ಟೆಗಳು, ಒದ್ದೆ ಅಂಗೈಗಳು. ಒಬ್ಬಳು ತನ್ನ ಚೀಲ ಸರಿಸಿ ವರ್ನಾಗೆ ಜಾಗ ಮಾಡಿಕೊಟ್ಟಳು.

“ನಿಮಗೂ ಭಯಾನಾ?”

“ತುಂಬಾ.”

“ನಮ್ಮ ಊರಿನ ಆಸ್ಪತ್ರೇಲಿ ಆ ನಳಿಕೆನೇ ಇಲ್ಲ. ಅದನ್ನ ಕೇಳಿದ್ರೆ ನನ್ನ ಕಥೆ ಮುಗೀತು.”

“ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದುಬಿಡು ಕಂದಾ,” ಎಂದಳು ವರ್ನಾ. “ಗೊತ್ತಿಲ್ಲದೆ ಗೊತ್ತು ಅನ್ನೋ ಹಾಗೆ ಕೂತವರ ಪಾಡು ಬೇಡ.”

ಬಾಗಿಲು ತೆರೆಯಿತು. “ವರ್ನಾ, ಬನ್ನಿ.”

ಒಳಗೆ ಉದ್ದನೆಯ ಮೇಜು. ಆಚೆ ಬದಿಯಲ್ಲಿ ಇಬ್ಬರು, ಎದುರಿಗೆ ಕಾಗದಗಳು. ವರ್ನಾ ಕೂರಲಿಲ್ಲ.

“ಮೊದಲು ನನ್ನದೊಂದು ಮಾತು. ಹೋದ ವರ್ಷ ಲೇಸಿ ಮಲಿನ್ಸ್ ಕೊಟ್ಟ ಉತ್ತರ ಸರಿ ಇತ್ತು. ನಿಮ್ಮ ಕೈಲಿರೋ ಉತ್ತರದ ಹಾಳೇಲಿ ಅರ್ಧ ಮಾತ್ರ ಇದೆ. ಅವಳನ್ನ ಮತ್ತೆ ಕರೀಬೇಕು.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಹಿರಿಯನು ಕನ್ನಡಕ ತೆಗೆದ. “ಕರೆಯೋಣ. ಆದರೆ ಸರಿಯಾದ ಉತ್ತರಕ್ಕೆ ಸೊನ್ನೆ ಹಾಕಿದವರು ಯಾರು ಅಂತ ಅವಳು ಕೇಳಿದ್ರೆ?”

ವರ್ನಾ ಮೇಜನ್ನು ಬಳಸಿ ಆಚೆ ಬದಿಗೆ ಹೋಗಿ, ಅವರಿಬ್ಬರ ನಡುವೆ, ಅರಿವಳಿಕೆ ನರ್ಸ್ ಆಗಿ ಆರು ವರ್ಷದಿಂದ ತಾನು ಅಭ್ಯರ್ಥಿಗಳಿಗೆ ಅಂಕ ಹಾಕುತ್ತಾ ಬಂದಿದ್ದ ಕುರ್ಚಿಯಲ್ಲಿ ಕುಳಿತು, “ನನ್ನ ಹೆಸರು ಹೇಳಿ,” ಎಂದಳು.