ಹೆಸರಿನ ಮೇಲಿನ ವಾರಂಟ್

ಆ ಊರಲ್ಲಿ ವಾರಂಟ್ ಹೊರಡುತ್ತಿದ್ದುದು ಹೆಸರಿನ ಮೇಲೆ. ಆ ಹೆಸರಿನವರಲ್ಲಿ ಒಬ್ಬರು ಕೋರ್ಟಿಗೆ ಹಾಜರಾಗುವ ತನಕ ಉಳಿದವರಿಗೂ ಬಸ್ಸು, ಆಸ್ಪತ್ರೆ, ಯಾವುದರ ಬಾಗಿಲೂ ತೆರೆಯುತ್ತಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಲಾಗದ ಟೀಚರ್ ಶಾಂತವ್ವ ಹೂಗಾರ ನಡೆದೇ ಕೋರ್ಟಿನ ದಾಖಲೆ ಕಿಟಕಿಗೆ ಬಂದಳು.

"ಸಾಕ್ಷಿ ಹೇಳಾಕ ಬರಲಿಲ್ಲಂತ ವಾರಂಟ್ ಐತ್ರಿ," ಎಂದ ಗುಮಾಸ್ತ. "ಈ ಹೆಸರಿನವರು ಇಬ್ಬರದೀರಿ."

"ನಂದಲ್ಲರಿ. ಇನ್ನೊಬ್ಬಾಕಿ ಎಲ್ಲಿ?"

"ಆಸ್ಪತ್ರಿ ಮುಂದ ಕುಂತಾಳ. ಹೆರಿಗಿ ನೋವು ಸುರು ಆಗ್ಯಾವಂತ."

ಶಾಂತವ್ವ ಕಿಟಕಿಯತ್ತ ಬಾಗಿದಳು. "ನಾ ಹಾಜರಾದ್ರ?"

"ವಿಚಾರಣೆ ಆಗೂತನಕ ಜೇಲಿನಾಗ ಇರಬೇಕ್ರಿ ಅಕ್ಕಾರ. ತಿಂಗಳೂ ಆಗಬಹುದು."

ಆಕೆ ಹಾಜರಿ ಕಾಗದಕ್ಕೆ ಸಹಿ ಹಾಕಿದಳು. ಪೊಲೀಸಿನವಳು ರಟ್ಟೆ ಹಿಡಿದಾಗಲೂ ಆಕೆಯ ಕಣ್ಣು ಗುಮಾಸ್ತನ ಫೋನಿನ ಮೇಲೇ ಇತ್ತು. ಅದು ರಿಂಗಾಯಿತು; ಅವನು ಕೇಳಿಸಿಕೊಂಡು ಎದ್ದು ನಿಂತ.

"ಆಕಿನ್ನ ಆಸ್ಪತ್ರಿ ಒಳಗ ಕರಕೊಂಡ್ರಂತ್ರೀ, ತಾಯಿ."