ಮಂತ್ರಿಗಳ ಶೂಗಳಿಗೆ ಏಸಿ

“ಹ್ಯೂಬರ್ಟಣ್ಣ, ತನಿಖೆಯವರು ಬಂದ್ರು! ಲಿಫ್ಟಲ್ಲಿ ಇದ್ದಾರೆ!” ವಾಚ್‌ಮನ್ ಉಮ್ಮರ್ ಕುಂಞಿ ಕೆಳಗಿನಿಂದ ಫೋನಿನಲ್ಲಿ ಕಿರುಚಿದ.

ಹ್ಯೂಬರ್ಟ್ ಒಳಗೋಡಿದ. ಅಡುಗೆಮನೆ ಪಕ್ಕದ ಕೆಲಸದವರ ಕೋಣೆಯಲ್ಲಿ ಗುಟ್ಟಾಗಿ ಬಾಡಿಗೆಗಿದ್ದ ಮಾಸ್ಟ್ರು ಬನಿಯನ್ನಿನಲ್ಲಿ ಕೂತು ಆರಾಮವಾಗಿ ಚಹಾ ಹೀರುತ್ತಿದ್ದರು. ಈ ಮನೆಯಲ್ಲಿ ನರಪಿಳ್ಳೆಯೂ ಇರುವಂತಿಲ್ಲ. ಮಾಹೂಝ್ ಬಡಾವಣೆಯ ಈ ಕಟ್ಟಡದ ಲಿಫ್ಟು ಬೇಕಾದಾಗ ಬರುವುದಿಲ್ಲ, ಬೇಡವಾದಾಗ ಓಡೋಡಿ ಬರುತ್ತದೆ.

ಮನೆ ಒಬ್ಬ ಮಂತ್ರಿಯದು. ದೂರದ ದೇಶವೊಂದರಲ್ಲಿ ಬಂದೂಕು ತೋರಿಸಿ ಅಧಿಕಾರ ಕಸಿದುಕೊಂಡ ಸರ್ಕಾರದ ಖಜಾನೆ ಮಂತ್ರಿ. ವಿಶ್ವಸಂಸ್ಥೆ ಕೆಂಡಾಮಂಡಲವಾಗಿ ನಿರ್ಬಂಧ ಹೇರಿತು. ಬಹರೈನ್ ಪುಟ್ಟ ದೇಶವಾದರೇನು, ತನ್ನ ಪಾಲಿನ ಶೌರ್ಯ ತೋರಿಸಬೇಡವೇ? ಮಂತ್ರಿಯ ಫ್ಲ್ಯಾಟನ್ನು ಜಪ್ತಿ ಮಾಡಿತು. ಕಾನೂನು ಬಲು ಬಿಗಿ. ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಹಾಳಾಗಲು ಬಿಡುವಂತೆಯೂ ಇಲ್ಲ. ಹಾಗಾಗಿ ಎಂಟು ವರ್ಷಗಳಿಂದ ಅದರ ಉಸ್ತುವಾರಿ ಹ್ಯೂಬರ್ಟನದು. ಅಲ್ಲಿ ಜನ ಬ್ರೆಡ್ಡಿಗಾಗಿ ಸಾಲು ನಿಲ್ಲುತ್ತಿದ್ದರು. ಇಲ್ಲಿ ಮಂತ್ರಿಗಳ ಹದಿನಾಲ್ಕು ಜೊತೆ ಶೂಗಳಿಗೆ ಬೂಷ್ಟು ಹಿಡಿಯದಂತೆ ಹಗಲೂ ರಾತ್ರಿ ಏಸಿ ಓಡುತ್ತಿತ್ತು, ವಾರಕ್ಕೊಮ್ಮೆ ಪಾಲಿಶ್ ಬೇರೆ. ದುಷ್ಟರಿಗೆ ಇದಕ್ಕಿಂತ ಘೋರ ಶಿಕ್ಷೆ ಇನ್ನೇನಿದೆ!

ಗಲ್ಫಿಗೆ ಬಂದ ಹೊಸತರಲ್ಲಿ ಹ್ಯೂಬರ್ಟ್ ಸಲ್ಮಾಬಾದಿನ ಕೋಣೆಯೊಂದರಲ್ಲಿ ಹನ್ನೊಂದು ಜನರ ನಡುವೆ, ಪಾಳಿಯ ಮೇಲೆ ಮಂಚ ಹಂಚಿಕೊಂಡು ಮಲಗಿದವನು. ಅಂಥವನಿಗೆ ಖಾಲಿ ಮಂಚ ಕಂಡರೆ ಹೊಟ್ಟೆ ಉರಿಯದೆ ಇದ್ದೀತೇ? ಎರಡು ತಿಂಗಳ ಹಿಂದೆ, ಕೆಳಗಿನ ಅಂಗಡಿಯೆದುರು ಸೂಟ್‌ಕೇಸ್ ಹಿಡಿದು ನಿಂತಿದ್ದ ಮುದುಕರೊಬ್ಬರು ಅವನನ್ನು ತಡೆದಿದ್ದರು. “ಒಂದು ಬೆಡ್‌ಸ್ಪೇಸ್, ಮಲಗಲು ಒಂದು ಮಂಚದಷ್ಟು ಜಾಗ ಸಿಗಬಹುದೇ? ಇದೇ ಕಟ್ಟಡದಲ್ಲಿ?”

ಊರು ಕೇಳಿದರೆ ಅವರು ಹೇಳಿದ್ದು ಅದೇ ದೇಶದ ಹೆಸರು.

“ಆ ಸರ್ಕಾರ ಮಾಡಿದ ಕೆಲಸಗಳಿಂದಾಗಿ ನನಗೆ ಊರಲ್ಲಿ ತಲೆಯಿಡಲು ಜಾಗವಿಲ್ಲ,” ಎಂದು ನಿಟ್ಟುಸಿರು ಬಿಟ್ಟರು.

ಹ್ಯೂಬರ್ಟನ ಕರುಳು ಚುರುಕ್ಕೆಂದಿತು. ಲೂಟಿಕೋರನ ಮನೆಯಲ್ಲಿ ಲೂಟಿಯಾದವನಿಗೆ ಜಾಗ! ವಿಶ್ವಸಂಸ್ಥೆಗೆ ಹೊಳೆಯದ ನ್ಯಾಯ ತನಗೆ ಹೊಳೆಯಿತಲ್ಲ ಎಂದು ಬೀಗಿದ. ಬಾಡಿಗೆಯನ್ನೂ ಹೇಳಿದ, ಪುಣ್ಯ ಪೂರ್ತಿ ಪುಕ್ಕಟೆಯಾಗಬಾರದು ನೋಡಿ. ಮುದುಕರು ಚೌಕಾಸಿ ಮಾಡಲಿಲ್ಲ. ಓದಿದವರ ಗತ್ತಿತ್ತು, ಹಾಗಾಗಿ ಮಾಸ್ಟ್ರು ಎಂದೇ ಕರೆದ. ಹ್ಯೂಬರ್ಟನನ್ನು ಎರಡು ವರ್ಷ ಸತಾಯಿಸಿದ್ದ ಬಾಲ್ಕನಿ ಬಾಗಿಲನ್ನು ಅವರು ಮೊದಲ ದಿನವೇ ತುಸು ಎತ್ತಿ, ಭುಜ ಕೊಟ್ಟು ತೆರೆದುಬಿಟ್ಟರು. ಮೇಷ್ಟ್ರುಗಳ ತಲೆಯೇ ತಲೆ ಎಂದುಕೊಂಡ.

ಹೆಂಡತಿ ವಾಯೊಲೆಟ್ ಮಾತ್ರ ಅಂದೇ ಉಗಿದಿದ್ದಳು. “ನಿಮಗೆ ಮಂಡೆ ಸಮ ಉಂಟಾ? ಸಿಕ್ಕಿಬಿದ್ರೆ ಕೆಲಸ ಹೋಯ್ತು, ವೀಸಾ ಹೋಯ್ತು. ವಿನಿತಾಗೆ ಹತ್ತನೇ ಕ್ಲಾಸಿನ ಪರೀಕ್ಷೆ ಉಂಟು. ಈಸಾ ಟೌನಿನ ಶಾಲೆಯಿಂದ ಮಗಳನ್ನು ಎಬ್ಬಿಸಿಕೊಂಡು ಊರಿಗೆ ಹೋಗುದಾ?”

ಕರೆಗಂಟೆ ಮೊಳಗಿತು.

ಹ್ಯೂಬರ್ಟ್ ಮಾಸ್ಟ್ರ ಕೈಗೆ ಸ್ಪ್ಯಾನರ್ ತುರುಕಿ, ತಲೆಗೊಂದು ಟೋಪಿ ಒತ್ತಿದ. “ನೀವು ಪ್ಲಂಬರ್. ಸಿಂಕಿನ ಕೆಳಗೆ ನುಗ್ಗಿ. ಬಾಯಿ ಬಿಡ್ಬೇಡಿ ಮಾರಾಯ್ರೇ!”

“ನನಗೆ ಯಾರಾದರೂ ಅಪ್ಪಣೆ ಕೊಟ್ಟು ಬಹಳ ವರ್ಷವಾಗಿತ್ತು,” ಎನ್ನುತ್ತಾ ಮಾಸ್ಟ್ರು ಮಂಡಿಯೂರಿದರು.

ತನಿಖಾಧಿಕಾರಿ ಜಾಸಿಂ ಸಜ್ಜನರು. ನಗುತ್ತಾ ಸಲಾಂ ಹೇಳಿ ಪಟ್ಟಿ ತೆರೆದರು. ಶೂ ಹದಿನಾಲ್ಕು ಜೊತೆ, ಸರಿ. ಸೋಫಾ ಮೂರು, ಸರಿ. ತೂಗುದೀಪದ ಮೇಲೆ ಧೂಳು ಕಂಡು ಮುಖ ಸಿಂಡರಿಸಿದರು. ಜಪ್ತಿಯಾದ ಸೊತ್ತಿಗೆ ಅಗೌರವವಾದರೆ ದೇಶದ ಮರ್ಯಾದೆಯ ಪ್ರಶ್ನೆ! ಅಡುಗೆಮನೆಗೆ ಬಂದವರು ಸಿಂಕಿನ ಕೆಳಗಿನಿಂದ ಚಾಚಿದ್ದ ಎರಡು ಕಾಲುಗಳ ಎದುರು ನಿಂತರು.

“ಇವರು ಯಾರು?”

“ಪ್ಲಂಬರ್, ಸರ್. ಪೈಪು ಸೋರ್ತಾ ಉಂಟು.”

“ಸಿಪಿಆರ್ ಕಾರ್ಡ್?”

ಹ್ಯೂಬರ್ಟನಿಗೆ ಮಗಳ ಪರೀಕ್ಷೆ, ಹೆಂಡತಿಯ ಮುಖ ಎಲ್ಲ ಕಣ್ಣಮುಂದೆ ಬಂದವು. “ಗುರುತಿನ ಕಾರ್ಡು ಕೆಳಗೆ ವಾಚ್‌ಮನ್ ಹತ್ರ ಇಟ್ಟು ಬಂದಿದ್ದಾರೆ, ಸರ್. ಬಿಲ್ಡಿಂಗಿನ ರೂಲ್ಸು.”

ರೂಲ್ಸು ಎಂದ ಕೂಡಲೇ ಜಾಸಿಂ ತಲೆದೂಗಿದರು. ಕಾಲುಗಳ ಮೇಲಿರುವ ಮುಖ ನೋಡುವ ಗೋಜಿಗೆ ಹೋಗಲಿಲ್ಲ, ಪಟ್ಟಿಯಲ್ಲಿ ಪ್ಲಂಬರಿಗೆ ಕಾಲಂ ಇರಲಿಲ್ಲ. ಹ್ಯೂಬರ್ಟನಿಂದ ಸಹಿ ಹಾಕಿಸಿಕೊಂಡು, ಸುರುಳಿ ಸುತ್ತಿದ ಕಾಗದವೊಂದನ್ನು ಅವನ ಕೈಗಿಟ್ಟರು.

“ಮಂತ್ರಿ ದೇಶ ಬಿಟ್ಟು ಓಡಿದ್ದಾನೆ. ಎಂಟು ವರ್ಷವಾದ ಮೇಲೆ ಕೊನೆಗೂ ಅವನದೊಂದು ಫೋಟೋ ಸಿಕ್ಕಿದೆಯಂತೆ. ಅವನ ಆಸ್ತಿಯ ಬಾಗಿಲಿಗೆಲ್ಲ ಅಂಟಿಸಬೇಕು. ನಮಾಜಿಗೆ ಹೊತ್ತಾಯಿತು, ನೀವೇ ಅಂಟಿಸಿಬಿಡಿ.”

ಲಿಫ್ಟಿನ ಬಾಗಿಲು ಮುಚ್ಚಿತು. ಹ್ಯೂಬರ್ಟನಿಗೆ ಹೋದ ಜೀವ ಬಂದಂತಾಯಿತು. “ಬಚಾವಾದೆವು, ಮಾಸ್ಟ್ರೇ!” ಎಂದು ಕೂಗಿದ. ಮಾಸ್ಟ್ರು ಬಂದು ಕಾಗದ ಇಸಿದುಕೊಂಡು, ತಾವೇ ಬಾಗಿಲಿಗೆ ಹಿಡಿದು, ನಾಲ್ಕೂ ಮೂಲೆಗೆ ನೀಟಾಗಿ ಟೇಪು ಹಚ್ಚಿದರು.

ಹ್ಯೂಬರ್ಟ್ ಫೋಟೋ ನೋಡಿದ. ಮಾಸ್ಟ್ರನ್ನು ನೋಡಿದ. ಮತ್ತೆ ಫೋಟೋ ನೋಡಿ, ಜೇಬಿನಿಂದ ಫೋನ್ ತೆಗೆದ.

“ಹಳೆಯದು, ಆಗ ಕೂದಲಿತ್ತು,” ಎಂದು ಮಾಸ್ಟ್ರು ಟೋಪಿ ತೆಗೆದು ಬೋಳುತಲೆ ಸವರಿಕೊಂಡರು. “ಕರೆಯುವುದಾದರೆ ಕರೆ, ಹ್ಯೂಬರ್ಟ್. ನನ್ನ ಮನೆಯನ್ನು ನನಗೇ ಬಾಡಿಗೆಗೆ ಕೊಟ್ಟವನು ಯಾರೆಂದು ಅವರು ಕೇಳಿದರೆ ನಾನೂ ಹೇಳಬೇಕಾಗುತ್ತದಲ್ಲ.”