ಸೂಜಿಯ ಸಿಟ್ಟು

ಕೆನ್ನೆಯ ಊತ ಇನ್ನೂ ಇಳಿದಿರಲಿಲ್ಲ. ತವರು ಸೇರಿದ್ದ ಹೆಂಡತಿಯನ್ನು ಅವನು ನೇರವಾಗಿ ಪುರುಷರ ಖಾಸಗಿ ಕ್ಲಿನಿಕ್ಕಿಗೆ ಕರೆತಂದಿದ್ದ. ಹೊಡೆದದ್ದು ಗಂಡನಲ್ಲ, ಅವನು ಇಲ್ಲಿ ಚುಚ್ಚಿಸಿಕೊಂಡ ಟೆಸ್ಟೋಸ್ಟೆರಾನ್ ಹಾರ್ಮೋನು ಎಂದು ವೈದ್ಯರೇ ಹೇಳಿದರೆ ಮನೆಗೆ ಮರಳಲು ಅವಳು ಒಪ್ಪಿದ್ದಳು.

"ಹೇಳಿ ಡಾಕ್ಟ್ರೇ," ಎಂದ ಅವನು. "ಮದುವೆಯಾಗಿ ಒಂಬತ್ತು ವರ್ಷ ಆಯ್ತು, ಇವಳ ಮೇಲೆ ಕೈ ಎತ್ತಿದೋನಲ್ಲ. ನಿಮ್ಮ ಸೂಜಿ ಬಿದ್ದ ಮೇಲೇ ತಲೆ ಕೆಟ್ಟಿದ್ದು."

"ಅಮ್ಮ ಬೇಡ ಅಂದ್ರೂ ಬಂದಿದ್ದೀನಿ ಸಾರ್," ಎಂದಳು ಅವಳು. "ಮದ್ದೇ ಕಾರಣ ಆಗಿದ್ರೆ ಅದನ್ನ ಬಿಡಿಸಿ ಇವರ ಜೊತೆ ಹೋಗ್ತೀನಿ. ನಿಜ ಹೇಳಿ."

"ಮನೆ ಜಗಳಾನ ಮನೇಲೇ ತೀರಿಸ್ಕೊಳ್ಳಿ," ಎಂದರು ವೈದ್ಯರು.

ಅವನು ಮೇಜು ಗುದ್ದಿದ. "ಜಾರ್ಕೋಬೇಡ್ರೀ! ಗಂಡಸ್ತನ ತುಂಬ್ತೀವಿ ಅಂತ ಬೋರ್ಡ್ ಹಾಕೋಕೆ ಬರುತ್ತೆ, ಇದನ್ನ ಒಪ್ಕೊಳ್ಳೋಕೆ ನಾಲಿಗೆ ಹೊರಳಲ್ವಾ? ಒಪ್ಕೊಳ್ಳಿ. ಇಲ್ಲಾಂದ್ರೆ ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ. ಇವಳ ಕೆನ್ನೆಯೇ ಸಾಕ್ಷಿ!"

ಪೊಲೀಸರ ಹೆಸರು ಕೇಳಿದೊಡನೆ ವೈದ್ಯರ ಮುಖ ಬಿಳಿಚಿತು. ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಅವನತ್ತ ನೋಡದೆ, ಅವಳಿಗೆ ಮಾತ್ರ ಹೇಳಿದರು:

"ನೋಡಮ್ಮ, ಇವರ ರಕ್ತದ ರಿಪೋರ್ಟಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಚುಚ್ಚಲ್ಲ ಅಂದಿದ್ರೆ ಇನ್ನೊಂದು ಕ್ಲಿನಿಕ್ಕಿಗೆ ಹೋಗ್ತಿದ್ರು. ಇಲ್ಲೀತನಕ ನಾನು ಚುಚ್ಚಿರೋದು ಬರೀ ನೀರು."